ಗುಣಾಕಾರ ಆಮೇಲೆ, ಮೊದಲು ಸಾಲು ಬರೀರಿ: 14ನೇ ಕ್ರೋಮೋಸೋಮಿನ ತುದಿಯಲ್ಲಿರುವ ಪ್ರತಿಕಾಯದ ಜೀನ್‌ಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಇಮ್ಯುನಾಲಜಿ ಪಾಠ ಮಾಡುವ ಸರ್, ಮೇಡಂ ಎಲ್ಲರಿಗೂ ಒಂದು ವಿನಂತಿ. ರೋಗಾಣುವನ್ನು ಹಿಡಿಯುವ ಪ್ರೋಟೀನುಗಳಾದ ಪ್ರತಿಕಾಯಗಳ ವೈವಿಧ್ಯ ಅಂದ ಕೂಡಲೇ ಬೋರ್ಡಿನ ಮೇಲೆ 40 × 23 × 6 (ವಿ, ಡಿ, ಜೆ ಅನ್ನೋ ಮೂರು ಬಗೆಯ ಜೀನ್ ತುಂಡುಗಳ ಎಣಿಕೆ) ಅಂತ ಬರೆದು 5,520 ಅಂತ ಉತ್ತರ ತೆಗೆಯೋದನ್ನ ಸ್ವಲ್ಪ ಮುಂದಕ್ಕೆ ಹಾಕ್ರಿ. ಲೆಕ್ಕ ಸರಿ ಇದೆ. ಆದರೆ ಅದನ್ನೇ ಮೊದಲು ಕಲಿತ ಹುಡುಗರ ತಲೆಯಲ್ಲಿ ಮೂರು ಚೀಲದ ಚಿತ್ರ ಕೂತುಬಿಡುತ್ತದೆ: ಒಂದರಲ್ಲಿ ವಿ, ಒಂದರಲ್ಲಿ ಡಿ, ಒಂದರಲ್ಲಿ ಜೆ, ಕೈ ಹಾಕಿ ಒಂದೊಂದು ತೆಗೆದರೆ ಮುಗೀತು. ಜೀವಕೋಶದಲ್ಲಿ ಚೀಲ ಇಲ್ಲ. ಒಂದು ಉದ್ದನೆಯ ಸಾಲು ಇದೆ. ಯಾವ ಜೀನ್ ಯಾವುದರ ಮುಂದೆ, ಯಾವುದರ ಹಿಂದೆ ಅನ್ನೋದೇ ಅಲ್ಲಿ ಮುಂದಿನ ಎಲ್ಲವನ್ನೂ ತೀರ್ಮಾನಿಸುತ್ತದೆ.

ಪ್ರತಿಕಾಯದ ಎರಡು ಬಗೆಯ ಸರಪಳಿಗಳಲ್ಲಿ ದೊಡ್ಡದಾದ ಹೆವಿ ಚೈನಿನ ಜೀನ್‌ಗಳ ತಾಣ 14ನೇ ಕ್ರೋಮೋಸೋಮಿನ ಉದ್ದ ತೋಳಿನ ಕಟ್ಟಕಡೆಗೆ, 14ಕ್ಯೂ32.33ರಲ್ಲಿದೆ. ಒಟ್ಟು ಉದ್ದ ಸುಮಾರು 12.5 ಲಕ್ಷ ಬೇಸ್ (ಡಿಎನ್‌ಎಯ ಅಕ್ಷರ). ಕ್ರೋಮೋಸೋಮಿನ ತುದಿಯಿಂದ ಒಳಗೆ ಬಂದರೆ ಮೊದಲು ಸಿಗೋದು ವಿ ಜೀನ್‌ಗಳು. ಎಣಿಸಿದರೆ 120ಕ್ಕೂ ಹೆಚ್ಚು, ಆದರೆ ಕೆಲಸ ಮಾಡುವವು 40ರ ಆಸುಪಾಸು, ಉಳಿದವು ಕೆಟ್ಟುಹೋದ ಸುಳ್ಳು ಜೀನ್‌ಗಳು. ಆಮೇಲೆ 27 ಡಿ, ಅದರಲ್ಲಿ 23 ಕೆಲಸಕ್ಕೆ ಬರುತ್ತವೆ. ಆಮೇಲೆ 9 ಜೆ, ಕೆಲಸಕ್ಕೆ 6. ಕೊನೆಗೆ ಪ್ರತಿಕಾಯದ ವರ್ಗ ತೀರ್ಮಾನಿಸುವ ಸ್ಥಿರ ಭಾಗದ 11 ಜೀನ್‌ಗಳು, ಇದೇ ಕ್ರಮದಲ್ಲಿ: ಮ್ಯು, ಡೆಲ್ಟಾ, ಗಾಮಾ3, ಗಾಮಾ1, ಸುಳ್ಳು ಎಪ್ಸಿಲಾನ್, ಆಲ್ಫಾ1, ಸುಳ್ಳು ಗಾಮಾ, ಗಾಮಾ2, ಗಾಮಾ4, ಎಪ್ಸಿಲಾನ್, ಆಲ್ಫಾ2. ಈ ಕ್ರಮ ಬಾಯಿಪಾಠ ಇರಲಿ. ಗಾಮಾ-ಗಾಮಾ-ಎಪ್ಸಿಲಾನ್-ಆಲ್ಫಾ ಅನ್ನೋ ತುಂಡು ಎರಡು ಸಲ ಬಂದಿರೋದು ಆಗ ತಾನೇ ಕಾಣುತ್ತದೆ. ಹಿಂದೆ ಯಾವುದೋ ಕಾಲದಲ್ಲಿ ಇಡೀ ತುಂಡು ಇಮ್ಮಡಿಯಾದ ಗುರುತು ಅದು.

ಇನ್ನು ಹೆಸರುಗಳು. ಐಜಿಎಚ್‌ವಿ 3-23 ಅಂದರೆ ಹೆವಿ ಚೈನಿನ ವಿ ಜೀನ್, ಮೂರನೇ ಕುಟುಂಬದ್ದು, ಡಿ ಕಡೆಯಿಂದ ಎಣಿಸಿದರೆ 23ನೇ ಜಾಗ. ಎಣಿಕೆಯಲ್ಲಿ ಸುಳ್ಳು ಜೀನ್‌ಗಳೂ ಸೇರುತ್ತವೆ. ಹಾಗಾಗಿ 6-1 ಡಿ ಗುಂಪಿಗೆ ತೀರ ಹತ್ತಿರ, 1-69 ಬಲು ದೂರ. ಸಾಲು ಎಣಿಸಿ ಆದಮೇಲೆ ನಡುವೆ ಹೊಸ ಜೀನ್ ಸಿಕ್ಕರೆ 1-69-2, 4-38-2 ಅಂತ ಬಾಲ ಸೇರಿಸುತ್ತಾರೆ, ಇಮ್ಮಡಿಯಾಗಿದ್ದರೆ ಡಿ ಅಕ್ಷರ ಹಚ್ಚಿ 1-69ಡಿ ಅನ್ನುತ್ತಾರೆ. ಹೆಸರೇ ವಿಳಾಸ. ಇದು ಗೊತ್ತಿಲ್ಲದ ವಿದ್ಯಾರ್ಥಿಗೆ ಸೀಕ್ವೆನ್ಸಿಂಗ್ ವರದಿ ಬರೀ ಅಂಕಿಗಳ ರಾಶಿ.

ಜೋಡಣೆಗೆ ಬರೋಣ. ಪ್ರತಿ ಜೀನ್ ತುಂಡಿನ ಪಕ್ಕ ಒಂದು ಕತ್ತರಿ ಗುರುತು ಇರುತ್ತದೆ: 7 ಬೇಸ್, ನಡುವೆ ಖಾಲಿ ಅಂತರ, ಆಮೇಲೆ 9 ಬೇಸ್. ಆ ಅಂತರ 12 ಇರಬೇಕು ಇಲ್ಲಾ 23, ಅಂದರೆ ಡಿಎನ್‌ಎ ಸುರುಳಿಯ ಸುಮಾರು ಒಂದು ಸುತ್ತು ಇಲ್ಲವೇ ಎರಡು ಸುತ್ತು. ರ‍್ಯಾಗ್1, ರ‍್ಯಾಗ್2 ಎಂಬ ಕತ್ತರಿಸುವ ಪ್ರೋಟೀನುಗಳು 12ರದ್ದನ್ನು 23ರದ್ದಕ್ಕೆ ಮಾತ್ರ ಜೋಡಿ ಮಾಡುತ್ತವೆ. ವಿ ಪಕ್ಕ 23, ಜೆ ಪಕ್ಕ 23, ಡಿಗೆ ಎರಡೂ ಬದಿ 12. ಹೆವಿ ಚೈನಿನಲ್ಲಿ ವಿ ನೇರವಾಗಿ ಜೆಗೆ ಯಾಕೆ ಅಂಟೋದಿಲ್ಲ, ಡಿ ಬಿಟ್ಟು ಯಾಕೆ ಹೋಗೋಕಾಗೋದಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಇಷ್ಟೇ. ಇದನ್ನ ನಿಯಮ ಅಂತ ಉರು ಹೊಡೆಸುವ ಬದಲು ಮೂರು ಬಣ್ಣದ ಕಾಗದದ ಪಟ್ಟಿ ಕೊಟ್ಟು ಹುಡುಗರ ಕೈಯಿಂದ ಮಾಡಿಸಿದರೆ ಹತ್ತು ನಿಮಿಷದ ಕೆಲಸ.

ಮೊದಲು ಡಿ-ಜೆ ಸೇರುತ್ತವೆ, ಆಮೇಲೆ ವಿ ಬಂದು ಕೂಡುತ್ತದೆ. ನಡುವಿನ ಡಿಎನ್‌ಎ ಬಳೆಯ ಆಕಾರದಲ್ಲಿ ಕಳಚಿ ಬೀಳುತ್ತದೆ. ಕತ್ತರಿಸಿದ ತುದಿಯನ್ನು ಆರ್ಟೆಮಿಸ್ ಎಂಬ ಕಿಣ್ವ ಬಿಚ್ಚುತ್ತದೆ, ಟಿಡಿಟಿ ಅನ್ನೋ ಕಿಣ್ವ ಯಾವ ಅಚ್ಚೂ ನೋಡದೆ ಒಂದಿಷ್ಟು ಬೇಸ್ ಸೇರಿಸುತ್ತದೆ, ಲೈಗೇಸ್4 ಬೆಸೆಯುತ್ತದೆ. ಈ ಬೆಸುಗೆಯ ಜಾಗವೇ ಸಿಡಿಆರ್3, ರೋಗಾಣುವನ್ನು ಹಿಡಿಯೋದರಲ್ಲಿ ಬಹಳ ಸಲ ಇದರದ್ದೇ ಮುಖ್ಯ ಪಾತ್ರ. ಆ 5,520ನ್ನು ಕೋಟಿಗಟ್ಟಲೆಗೆ ಏರಿಸೋದು ಇಲ್ಲಿಯ ಅಚ್ಚಿಲ್ಲದ ಬರವಣಿಗೆ. ಅದಕ್ಕೆ ತೆರುವ ಬೆಲೆಯೂ ಉಂಟು. ಮೂರಕ್ಕೆ ಎರಡು ಸಲ, ಮೂರು ಮೂರು ಬೇಸಾಗಿ ಓದುವ ಚೌಕಟ್ಟು ತಪ್ಪಿ ಪ್ರೋಟೀನ್ ಆಗೋದಿಲ್ಲ. ಆಗ ಜೀವಕೋಶ ಇನ್ನೊಂದು 14ನೇ ಕ್ರೋಮೋಸೋಮಿನ ಮೇಲೆ ಪ್ರಯತ್ನಿಸುತ್ತದೆ, ಅದೂ ತಪ್ಪಿದರೆ ಸಾಯುತ್ತದೆ. ರ‍್ಯಾಗ್ ಅಥವಾ ಆರ್ಟೆಮಿಸ್ ಎರಡೂ ಪ್ರತಿ ಕೆಟ್ಟ ಕೂಸಿಗೆ ರೋಗದ ವಿರುದ್ಧ ಹೋರಾಡುವ ಟಿ ಕೋಶವೂ ಇಲ್ಲ, ಪ್ರತಿಕಾಯ ಮಾಡುವ ಬಿ ಕೋಶವೂ ಇಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಭಾಗದ ಮಕ್ಕಳ ಡಾಕ್ಟರುಗಳು ಇದನ್ನು ಸದಾ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಿಂದಿನ ಕೂಸು ಸೋಂಕಿನಿಂದ ತೀರಿಹೋದ ಮನೆಯಲ್ಲಿ ಹುಟ್ಟಿದ ಮಗುವಿಗೆ ಬಿಸಿಜಿ ಚುಚ್ಚುವ ಮೊದಲು ರಕ್ತದ ಲಿಂಫೋಸೈಟ್ ಎಣಿಕೆ ನೋಡಲೇಬೇಕು. ಈ ಮಕ್ಕಳಲ್ಲಿ ಆ ಜೀವಂತ ಲಸಿಕೆಯೇ ಮೈಯೆಲ್ಲ ಹರಡುತ್ತದೆ.

ಕ್ಲಾಸ್ ಸ್ವಿಚ್, ಅಂದರೆ ಪ್ರತಿಕಾಯದ ವರ್ಗ ಬದಲಾಗೋದನ್ನ ಹೇಳುವಾಗ ಇಳಕಲ್ ಸೀರೆ ತಗೊಳ್ರಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಪ್ರತಿಕಾಯದಲ್ಲೂ ಒಡಲು ಅದೇ ವಿಡಿಜೆ, ಬದಲಾಗೋದು ಸೆರಗು. ಮ್ಯು ಸೆರಗು ಇದ್ದರೆ ಐಜಿಎಂ, ಗಾಮಾ1 ಇದ್ದರೆ ಐಜಿಜಿ1. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಯಾಕಂದರೆ ನೇಕಾರರು ಬೇಕಾದ ಸೆರಗು ಆರಿಸಬಹುದು, ಬಿ ಕೋಶ ಸಾಲಿನಲ್ಲಿ ಮುಂದಕ್ಕೆ ಮಾತ್ರ ಹೋಗಬಹುದು. ಡೆಲ್ಟಾ ಬಿಟ್ಟು ಕೆಲಸ ಮಾಡುವ ಪ್ರತಿ ಸ್ಥಿರ ಜೀನಿನ ಮುಂದೆ ಒಂದೇ ಥರದ ತುಣುಕು ಮತ್ತೆ ಮತ್ತೆ ಬರುವ ಸ್ವಿಚ್ ಪ್ರದೇಶ ಇದೆ. ಎಐಡಿ ಕಿಣ್ವ ಅಲ್ಲಿನ ಸಿ ಬೇಸನ್ನು ಯು ಮಾಡುತ್ತದೆ, ದುರಸ್ತಿ ಮಾಡಲು ಹೋದ ಕಿಣ್ವಗಳಿಂದ ಎಳೆ ತುಂಡಾಗುತ್ತದೆ, ಎರಡು ಸ್ವಿಚ್‌ಗಳ ನಡುವಿನದ್ದು ಮತ್ತೆ ಬಳೆಯಾಗಿ ಬೀಳುತ್ತದೆ. ಗಾಮಾ1ಕ್ಕೆ ಹೋದ ಕೋಶದಲ್ಲಿ ಮ್ಯು, ಡೆಲ್ಟಾ, ಗಾಮಾ3 ಉಳಿದೇ ಇಲ್ಲ, ಹಿಂದಿರುಗಲು ದಾರಿಯೇ ಇಲ್ಲ. ಅಲ್ಲಿಂದ ಗಾಮಾ4ಕ್ಕೆ, ಎಪ್ಸಿಲಾನ್‌ಗೆ ಹೋಗಬಹುದು. ಎಪ್ಸಿಲಾನ್ ಮುಟ್ಟಿದ ಮೇಲೆ ಉಳಿಯೋದು ಆಲ್ಫಾ2 ಒಂದೇ. ಡೆಲ್ಟಾದ ಮುಂದೆ ಅಂಥ ಪ್ರದೇಶ ಇಲ್ಲದ್ದರಿಂದ ಐಜಿಎಂ, ಐಜಿಡಿ ಒಂದೇ ಕೋಶದಲ್ಲಿ ಒಟ್ಟಿಗೆ ಇರುತ್ತವೆ, ಆರ್‌ಎನ್‌ಎ ಮಟ್ಟದ ಕತ್ತರಿಸುವಿಕೆಯಿಂದ. ಕತ್ತರಿ ತಪ್ಪಿದರೆ ಏನಾಗುತ್ತದೆ ಅನ್ನೋದೂ ಈ ತಾಣದಲ್ಲೇ ಕಾಣುತ್ತದೆ: 8 ಮತ್ತು 14ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಮಿಕ್ ಜೀನ್ ಇಲ್ಲಿಗೆ ಬಂದರೆ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರ್, 18ರಿಂದ ಬಿಸಿಎಲ್2 ಜೀನ್ ಬಂದರೆ ಫಾಲಿಕ್ಯುಲರ್ ಲಿಂಫೋಮಾ.

ಈಗ ನಿಜವಾಗಿ ಕಳವಳ ಪಡಬೇಕಾದ ಮಾತು. ನಾವೆಲ್ಲ ಬಳಸುವ ಈ ಸಾಲಿನ ನಕ್ಷೆ ಯಾರದ್ದು? ವಿ ಭಾಗದ 9,57,000 ಬೇಸ್‌ಗಳನ್ನು ವಿಜ್ಞಾನಿ ತಾಸುಕು ಹೊಂಜೊ ಅವರ ತಂಡ ಜಪಾನಿನಲ್ಲಿ 1998ರಲ್ಲಿ ಓದಿ ಪ್ರಕಟಿಸಿತು. ಅದು ಈ ಕ್ರೋಮೋಸೋಮಿನ ಬೇರೆ ಬೇರೆ ಪ್ರತಿಗಳ ತುಂಡು ಜೋಡಿಸಿದ ನಕ್ಷೆ. ಒಂದೇ ಪ್ರತಿಯ ಪೂರ್ಣ ಸಾಲು 2013ರಲ್ಲಿ ಬಂತು, ಹೈಡಾಟಿಡಿಫಾರ್ಮ್ ಮೋಲ್ ಎಂಬ ಅಸಹಜ ಗರ್ಭದ ಡಿಎನ್‌ಎಯಿಂದ. ಜಿಆರ್‌ಸಿಎಚ್38 ಎಂಬ ಪ್ರಮಾಣಿತ ಮಾನವ ಜೀನೋಮ್ ನಕ್ಷೆಯಲ್ಲಿರೋದು ಅದೇ. ಅದನ್ನ ಹಳೆಯದರ ಪಕ್ಕ ಇಟ್ಟಾಗ ಜೀನ್‌ಗಳೇ ಬೇರೆ ಇರೋದು ಕಂಡಿತು. ಕೆಲವರ ಕ್ರೋಮೋಸೋಮಿನಲ್ಲಿ 1-8 ಮತ್ತು 3-9 ಇವೆ, ಕೆಲವರಲ್ಲಿ ಆ ಜಾಗದಲ್ಲಿ 5-10-1 ಮತ್ತು 3-64ಡಿ. 1-69 ಕೆಲವರಲ್ಲಿ ಒಂದು ಪ್ರತಿ, ಕೆಲವರಲ್ಲಿ ಹೆಚ್ಚು. ಅದರ 54ನೇ ಸ್ಥಾನದಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಇರುವ ರೂಪ ಇದ್ದವರಲ್ಲಿ ಇನ್‌ಫ್ಲುಯೆಂಜಾದ ಮೇಲ್ಮೈ ಪ್ರೋಟೀನಿನ ಕಾಂಡ ಹಿಡಿಯುವ ಪ್ರತಿಕಾಯ ಸುಲಭವಾಗಿ ಹುಟ್ಟುತ್ತದೆ, ಲ್ಯೂಸೀನ್ ಇದ್ದವರಲ್ಲಿ ಕಷ್ಟ. ಸ್ಥಿರ ಭಾಗದಲ್ಲೂ ಹೀಗೇ. ಗಾಮಾ1ರಿಂದ ಗಾಮಾ4ರವರೆಗೆ ಇಡೀ ತುಂಡು ಎರಡೂ ಪ್ರತಿಯಲ್ಲಿ ಇಲ್ಲದೆಯೂ ಆರೋಗ್ಯವಾಗಿದ್ದವರು ಟ್ಯುನೀಶಿಯಾದಲ್ಲಿ ಸಿಕ್ಕಿದ್ದು 1982ರಲ್ಲಿ ವರದಿಯಾಯಿತು.

ಹಲವು ದೇಶಗಳ ಜನರ ಡಿಎನ್‌ಎ ಓದಿದ 1000 ಜೀನೋಮ್ ಯೋಜನೆಯಲ್ಲಿ ಭಾರತದ ಮೂಲದವರು ಅಂದರೆ ಹ್ಯೂಸ್ಟನ್ನಿನ ಗುಜರಾತಿಗಳು, ಇಂಗ್ಲೆಂಡಿನ ತೆಲುಗರು ಇದ್ದಾರೆ. ಕನ್ನಡದವರ ಗುಂಪು ಇಲ್ಲ. ಇನ್ನೂ ದೊಡ್ಡ ತೊಡಕು ಡಿಎನ್‌ಎ ಬಂದ ಮೂಲದಲ್ಲಿದೆ. ಆ ಯೋಜನೆಯ ಬಹುಪಾಲು ಡಿಎನ್‌ಎ ಎಪ್‌ಸ್ಟೈನ್-ಬಾರ್ ವೈರಸ್ ಹಾಕಿ ಬೆಳೆಸಿದ ಬಿ ಕೋಶಗಳದ್ದು. ಬಿ ಕೋಶ ಅಂದರೆ ಇದೇ ತಾಣವನ್ನು ಆಗಲೇ ಕತ್ತರಿಸಿಕೊಂಡ ಕೋಶ. ಅಲ್ಲಿ ಕಾಣುವ ಕೊರತೆ ಆ ಮನುಷ್ಯನ ಹುಟ್ಟುಗುಣವೋ, ಕೋಶದ ಕತ್ತರಿಯೋ, ಹೇಗೆ ಬಿಡಿಸೋದು? ಜೊತೆಗೆ 150 ಬೇಸಿನ ಸಣ್ಣ ಓದುಗಳು ಒಂದರಂತೆ ಒಂದಿರುವ 3-30, 3-33 ಜೀನ್‌ಗಳ ನಡುವೆ ದಾರಿ ತಪ್ಪುತ್ತವೆ. ಹತ್ತಾರು ಸಾವಿರ ಬೇಸ್ ಒಮ್ಮೆಗೇ ಓದುವ ಲಾಂಗ್-ರೀಡ್ ಯಂತ್ರವೇ ಬೇಕು, ಡಿಎನ್‌ಎ ಬಿ ಕೋಶದಿಂದ ಬಂದದ್ದಾಗಿರಬಾರದು. ರಕ್ತ ಸಂಬಂಧದ ಮದುವೆಯಿಂದ ಹುಟ್ಟಿ ಈ ತಾಣದ ಎರಡೂ ಪ್ರತಿ ಒಂದೇ ಆಗಿರುವವರು ನಮ್ಮಲ್ಲಿ ಸಿಗುತ್ತಾರೆ, ಅಂಥವರ ಸಾಲನ್ನು ತಪ್ಪಿಲ್ಲದೆ ಜೋಡಿಸೋದು ಸುಲಭ. ಈ ಕೆಲಸ ನಮ್ಮ ಜಿಲ್ಲೆಗಳಿಂದಲೇ ಶುರುವಾಗಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇದರ ಪೆಟ್ಟು ರೋಗಿಗೆ ತಟ್ಟುವುದು ಹೀಗೆ. ಸಿಎಲ್‌ಎಲ್ ರಕ್ತ ಕ್ಯಾನ್ಸರಿನಲ್ಲಿ ರೋಗಿಯ ವಿ ಜೀನ್ ಹುಟ್ಟಿನ ರೂಪಕ್ಕೆ ಶೇಕಡಾ 98 ಅಥವಾ ಅದಕ್ಕಿಂತ ಹೆಚ್ಚು ಹೊಂದಿದರೆ ಅದು ಮ್ಯುಟೇಶನ್ ಆಗದ ಗುಂಪು. ರೋಗ ಬೇಗ ಮುಂದುವರಿಯುತ್ತದೆ, ಹಳೆಯ ಕಿಮೋ-ಇಮ್ಯುನೋಥೆರಪಿ ಹೆಚ್ಚು ದಿನ ತಡೆಯೋದಿಲ್ಲ. 294 ಬೇಸಿನಲ್ಲಿ 5 ವ್ಯತ್ಯಾಸ ಇದ್ದರೆ 98.30. ಆ ರೋಗಿಯ ಮನೆತನದಲ್ಲೇ ಇರುವ, ಆದರೆ ಡೇಟಾಬೇಸಿನಲ್ಲಿ ಇಲ್ಲದ ಒಂದೇ ಒಂದು ಬೇಸನ್ನು ಮ್ಯುಟೇಶನ್ ಅಂತ ಎಣಿಸಿದರೆ 6 ಆಗಿ 97.96ಕ್ಕೆ ಇಳಿಯುತ್ತದೆ. ಗುಂಪೇ ಬದಲಾಯಿತು.

ಹಾಗಾಗಿ ಲ್ಯಾಬಿನವರಿಗೆ ಮತ್ತು ಮಾದರಿ ಕಳಿಸುವ ಡಾಕ್ಟರುಗಳಿಗೆ: ರಕ್ತ ಇಡಿಟಿಎ ಟ್ಯೂಬಿನಲ್ಲಿ ಹೋಗಲಿ, ಹೆಪಾರಿನ್ ಡಿಎನ್‌ಎಯ ನಕಲು ತೆಗೆಯುವ ಪಿಸಿಆರ್ ಅನ್ನು ತಡೆಯುತ್ತದೆ. ಪ್ರೈಮರ್ (ಪಿಸಿಆರ್ ಶುರು ಮಾಡುವ ಚಿಕ್ಕ ಡಿಎನ್‌ಎ ತುಂಡು) ವಿ ಜೀನಿನ ಆರಂಭದ ಲೀಡರ್ ಭಾಗದ್ದಿರಲಿ. ಎಫ್‌ಆರ್1 ಅದರ ಮುಂದಿನ ಭಾಗ. ಎಫ್‌ಆರ್1 ಪ್ರೈಮರ್ ಕೂತ ಜಾಗದ ಬೇಸ್‌ಗಳು ಪ್ರೈಮರಿನವು, ರೋಗಿಯವಲ್ಲ, ಅಲ್ಲಿನ ಮ್ಯುಟೇಶನ್ ಕಾಣೋದೇ ಇಲ್ಲ. 97ರಿಂದ 97.99ರ ನಡುವೆ ಬಂದರೆ ಗಡಿಯಲ್ಲಿದೆ ಅಂತ ವರದಿಯಲ್ಲಿ ಬರೆಯಿರಿ, ಸಾಧ್ಯವಾದರೆ ಅದೇ ರೋಗಿಯ ಬೇರ್ಪಡಿಸಿದ ಟಿ ಕೋಶ ಅಥವಾ ಉಗುರಿನ ಡಿಎನ್‌ಎ ಜೊತೆ ಹೋಲಿಸಿ. ಜೊಲ್ಲು ಬೇಡ, ಅದರಲ್ಲಿ ಕ್ಯಾನ್ಸರ್ ಕೋಶಗಳೇ ಬೆರೆತಿರುತ್ತವೆ. ಶೇಕಡಾವಾರು ಮಾತ್ರ ಬರೆದು ಬಿಡಬೇಡಿ, ಜೀನಿನ ಹೆಸರು ಮತ್ತು ಅಲೀಲ್ (ಜೀನಿನ ಯಾವ ರೂಪ ಅಂತ), ಡೇಟಾಬೇಸ್ ನೋಡಿದ ದಿನಾಂಕ, ಬಳಸಿದ ಪ್ರೈಮರ್ ಬರೆಯಿರಿ. 3-21 ಬಂದು ಸಿಡಿಆರ್3 ಸಿಎಲ್‌ಎಲ್‌ನ ಎರಡನೇ ಉಪಗುಂಪಿನ (ಸಬ್‌ಸೆಟ್ 2) ಅಚ್ಚಿಗೆ ಹೊಂದಿದರೆ ಅದನ್ನು ಬೇರೆ ಸಾಲಿನಲ್ಲಿ ಎತ್ತಿ ಹೇಳಿ, ಯಾಕಂದರೆ ಅಲ್ಲಿ ಶೇಕಡಾ ಎಷ್ಟೇ ಇದ್ದರೂ ರೋಗ ಗಡುಸು.