ಹೊಟ್ಟೆ ತೊಳಸಿದ್ದಕ್ಕೆಲ್ಲ ಭಯ ಅಂತ ಹೆಸರಿಡಬೇಡಿ

‘ದಿ ಹ್ಯೂಮನ್ ಸೆಂಟಿಪೀಡ್ 2’ ಅನ್ನೋ ಹಾರರ್ ಸಿನಿಮಾ ಚೆನ್ನಾಗಿಲ್ಲ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಬರುವ ಉತ್ತರ ಒಂದೇ: ‘ನಿಮಗೆ ತಡ್ಕೊಳ್ಳೋ ಶಕ್ತಿ ಇಲ್ಲ ಬಿಡಿ.’ ಈ ಮಾತು ಕೇಳಿ ಕೇಳಿ ರೋಸಿಹೋಗಿದೆ. ಇದು ತಡ್ಕೊಳ್ಳೋ ಪ್ರಶ್ನೆಯೇ ಅಲ್ಲ. ತಕಾಶಿ ಮೀಕೆಯ ‘ಆಡಿಷನ್’ (1999), ಪಾಸ್ಕಲ್ ಲೋಜಿಯೇಯ ‘ಮಾರ್ಟರ್ಸ್’ (2008) ಇಂಥವನ್ನೆಲ್ಲ ಕಣ್ಣು ಮುಚ್ಚದೆ ನೋಡಿ, ಮೆಚ್ಚಿ, ಇನ್ನೊಬ್ಬರಿಗೂ ನೋಡಿ ಅನ್ನುವವರೇ ಈ ಸಿನಿಮಾಕ್ಕೆ ಬೈಯೋದು. ರಕ್ತ ಜಾಸ್ತಿ ಆಯ್ತು ಅನ್ನೋ ದೂರು ನಮ್ಮದಲ್ಲ. ಕೈಯಲ್ಲಿ ಅಷ್ಟೊಳ್ಳೆ ಸರಕು ಇಟ್ಟುಕೊಂಡು, ಅರ್ಧ ಸಿನಿಮಾ ಮುಗಿಯೋ ಹೊತ್ತಿಗೆ ಭಯವನ್ನ ಕೈಯಾರೆ ಸಾಯಿಸಿದರಲ್ಲ, ಸಿಟ್ಟು ಅದಕ್ಕೆ.

ಮೊದಲ ಭಾಗ ಬಂದಿದ್ದು 2009ರಲ್ಲಿ. ನಿರ್ದೇಶಕ ಟಾಮ್ ಸಿಕ್ಸ್, ಡಚ್ಚರವನು. ಅಂಟಿಕೊಂಡು ಹುಟ್ಟಿದ ಅವಳಿಗಳನ್ನು ಬೇರ್ಪಡಿಸುವುದರಲ್ಲಿ ಹೆಸರು ಮಾಡಿದ ಜರ್ಮನ್ ಸರ್ಜನ್ ಒಬ್ಬ, ಈಗ ಮೂರು ಜನರನ್ನು ಹಿಡಿದುತಂದು ಒಬ್ಬರ ಬಾಯಿಯನ್ನು ಮುಂದಿನವರ ಹಿಂಭಾಗಕ್ಕೆ ಹೊಲಿದು ಒಂದೇ ಜೀರ್ಣನಾಳ ಮಾಡ್ತಾನೆ. ಕೇಳಲಿಕ್ಕೇ ಅಸಹ್ಯ, ಒಪ್ಪೋಣ. ಆದರೆ ತೆರೆ ಮೇಲೆ ಕಣ್ಣಿಗೆ ಬೀಳೋದು ತೀರಾ ಕಡಿಮೆ. ಹೊಲಿದ ಜಾಗವೆಲ್ಲ ಬ್ಯಾಂಡೇಜಿನ ಒಳಗೆ. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ನಡುಕ ಹುಟ್ಟಿಸೋ ದೃಶ್ಯದಲ್ಲಿ ಒಂದು ಹನಿ ರಕ್ತ ಇಲ್ಲ. ಮೂವರನ್ನೂ ಹಾಸಿಗೆಗೆ ಕಟ್ಟಿಹಾಕಿದೆ. ಡಾಕ್ಟರ್ ಪಾತ್ರದ ಡೀಟರ್ ಲೇಸರ್ ಬಿಳಿ ಕೋಟು ಹಾಕಿಕೊಂಡು ಓವರ್‌ಹೆಡ್ ಪ್ರೊಜೆಕ್ಟರ್ ಹೊತ್ತಿಸಿ, ಕೈಯಲ್ಲಿ ಬರೆದ ರೇಖಾಚಿತ್ರ ತೋರಿಸ್ತಾ, ಕಾಲೇಜಿನಲ್ಲಿ ಪಾಠ ಮಾಡೋ ಹಾಗೆ ಹಂತ ಹಂತವಾಗಿ ವಿವರಿಸ್ತಾನೆ: ಮಂಡಿಯ ಸ್ನಾಯುಬಂಧ ಎಲ್ಲಿ ಕತ್ತರಿಸ್ತೀನಿ, ಹಲ್ಲು ಯಾವುದು ಕೀಳ್ತೀನಿ, ಎಲ್ಲಿಗೆ ಎಲ್ಲಿ ಸೇರಿಸ್ತೀನಿ. ಅವನ ದನಿ ಏರಲ್ಲ. ಆ ಮೂವರಿಗೆ ಅರ್ಥ ಆಗ್ತಾ ಹೋಗುತ್ತಲ್ಲ, ಅದನ್ನು ನಾವು ಮುಖದ ಮೇಲೆ ಓದ್ತೀವಿ. ಆಮೇಲೆ ಏನೂ ತೋರಿಸದಿದ್ದರೂ ನಡೆಯುತ್ತೆ. ನಮ್ಮ ತಲೆ ಮಿಕ್ಕ ಕೆಲಸ ಮಾಡಿಕೊಳ್ಳುತ್ತೆ. ಸಿನಿಮಾ ಒಟ್ಟಾರೆ ಸಾಧಾರಣ, ಪೊಲೀಸರು ಬಂದ ಮೇಲಂತೂ ಇನ್ನೂ ಸಡಿಲ. ಆದರೂ ಆ ಒಂದು ದೃಶ್ಯ ಕಟ್ಟಿದವನಿಗೆ ಭಯ ಎಲ್ಲಿಂದ ಬರುತ್ತೆ ಅಂತ ಗೊತ್ತಿತ್ತು.

ಗೊತ್ತಿದ್ದೂ 2011ರಲ್ಲಿ ಹೀಗೆ ಮಾಡಿದನಲ್ಲ!

ಎರಡನೇ ಭಾಗದ ಮೂಲ ಯೋಚನೆ ಮೊದಲನೆಯದಕ್ಕಿಂತ ಎಷ್ಟೋ ಮೇಲು. ಮೊದಲ ಸಿನಿಮಾದ ಕೊನೆಯ ದೃಶ್ಯದಿಂದಲೇ ಶುರು. ಕ್ಯಾಮೆರಾ ಹಿಂದೆ ಸರಿದರೆ, ಲಂಡನ್ನಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾವಲಿಗೆ ಕೂತ ಮಾರ್ಟಿನ್ ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡ್ತಿದ್ದಾನೆ. ಕುಳ್ಳ, ದಪ್ಪ, ಗುಡ್ಡೆ ಹೊರಗೆ ಬಂದ ಕಣ್ಣು, ಅಸ್ತಮಾ. ಮನೆಯಲ್ಲಿ ಶಾಪ ಹಾಕೋ ತಾಯಿ, ಮಗನ ಮೇಲೇ ಲೈಂಗಿಕ ದೌರ್ಜನ್ಯ ಮಾಡಿ ಜೈಲು ಸೇರಿದ ತಂದೆ, ಮೇಲಿನ ಮನೆಯಲ್ಲಿ ಕಿವಿ ಕಿತ್ತುಹೋಗೋ ಹಾಗೆ ಹಾಡು ಹಾಕೋ ನೆರೆಯವನು. ಸಿನಿಮಾದ ಚಿತ್ರ ಅಂಟಿಸಿಟ್ಟ ಒಂದು ಪುಸ್ತಕ, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಒಂದು ಶತಪದಿ. ಆ ಪಾತ್ರಕ್ಕೆ ಒಂದೇ ಒಂದು ಸಂಭಾಷಣೆ ಇಲ್ಲ. ಲಾರೆನ್ಸ್ ಆರ್. ಹಾರ್ವಿ ಅನ್ನೋ ನಟ ಉಸಿರು, ನರಳಿಕೆ, ಕಣ್ಣು ಇಷ್ಟರಲ್ಲೇ ಅವನನ್ನು ನಿಲ್ಲಿಸಿದ್ದಾನೆ. ಸಿನಿಮಾದ ಹುಚ್ಚು ಹಿಡಿದ ಒಂಟಿ ಮನುಷ್ಯ, ತೆರೆ ಮೇಲೆ ಕಂಡದ್ದನ್ನು ತಾನೇ ಮಾಡಹೊರಟ ಅನ್ನೋದು ನಿಜಕ್ಕೂ ಹೆದರಿಸುವಂಥ ಕಥೆ. ಸರ್ಜನ್‌ಗೆ ವಿದ್ಯೆ ಇತ್ತು, ಮನೆಯಲ್ಲೇ ಶಸ್ತ್ರಚಿಕಿತ್ಸೆಗೆ ಕೋಣೆ ಇತ್ತು. ಇವನ ಹತ್ತಿರ ಹಾರೆ, ಸುತ್ತಿಗೆ, ಅಂಟುಪಟ್ಟಿ, ಸ್ಟೇಪಲ್ ಗನ್. ಆ ವ್ಯತ್ಯಾಸ ಒಂದನ್ನೇ ಹಿಡಿದು ಹೋಗಿದ್ದರೂ ಸಾಕಾಗಿತ್ತು.

ಹೋಗಲಿಲ್ಲ. ಆ ಮೇಲೆ ನಡೆಯೋದು ಬರೀ ಲೆಕ್ಕ. 12 ಜನ ಬೇಕು. ಒಬ್ಬೊಬ್ಬರನ್ನೇ ಹಿಡಿಯೋದು. ಕಾರಿನ ಹತ್ತಿರ ಬಂದರು, ಕಾಲಿಗೆ ಗುಂಡು, ತಲೆಗೆ ಹಾರೆ, ವ್ಯಾನಿಗೆ ಹಾಕು, ಗೋದಾಮಿಗೆ ಸಾಗಿಸು. ಮತ್ತೊಬ್ಬರು ಬಂದರು, ಕಾಲಿಗೆ ಗುಂಡು, ತಲೆಗೆ ಹಾರೆ. ಮೊದಲ ಸಲ ಬೆಚ್ಚಿಬೀಳ್ತೀವಿ. ಎರಡನೇ ಸಲ ಗೊತ್ತಾಗುತ್ತೆ. ನಾಲ್ಕನೇ ಸಲಕ್ಕೆ ಪಾರ್ಕಿಂಗಿಗೆ ಯಾರಾದರೂ ಕಾಲಿಟ್ಟ ಕೂಡಲೇ ಮುಂದಿನ ಹೊಡೆತ ಯಾವ ಕ್ಷಣಕ್ಕೆ ಅಂತ ಮನಸ್ಸೇ ಎಣಿಸಿಬಿಡುತ್ತೆ. ಬೆಚ್ಚಿಬೀಳೋದು ಅನ್ನೋದು ದೇಹದ ಪ್ರತಿವರ್ತನೆ. ಅದೇ ಪ್ರಚೋದನೆ ಮತ್ತೆ ಮತ್ತೆ ಬಂದರೆ ಅದು ತಾನಾಗೇ ತಗ್ಗುತ್ತೆ. ತಗ್ಗದ ಹಾಗೆ ನೋಡಿಕೊಳ್ಳಬೇಕು ಅಂದರೆ ಪ್ರತಿ ಸಲ ಏನಾದರೂ ಬದಲಾಗಬೇಕು: ಹೊಡೆತ ಗುರಿ ತಪ್ಪಬೇಕು, ಅಥವಾ ಸಿಕ್ಕಿಬಿದ್ದವರು ಯಾರು ಅಂತ ನಮಗೆ ತಿಳಿದಿರಬೇಕು, ಅಥವಾ ಹಿಡಿಯೋನೇ ಸಿಕ್ಕಿಬೀಳೋ ಹಾಗಾಗಬೇಕು. ಇಲ್ಲಿ ಹೆಚ್ಚಿನವರಿಗೆ ಹೆಸರೂ ಇಲ್ಲ, ನೆನಪಿಡೋ ಮುಖವೂ ಇಲ್ಲ. ಬರ್ತಾರೆ, ಬಯ್ತಾರೆ, ಬೀಳ್ತಾರೆ.

ಏಟಿನ ವಿಷಯಕ್ಕೇ ಬರೋಣ. ತಲೆಗೆ ಕಬ್ಬಿಣದಿಂದ ಹೊಡೆದರೆ ಮನುಷ್ಯ ಗಂಟೆಗಟ್ಟಲೆ ಹದವಾಗಿ ನಿದ್ದೆ ಹೋಗಿ, ಬೇಕಾದಾಗ ಎದ್ದು ಕಿರುಚಲ್ಲ. ಅಷ್ಟು ಹೊತ್ತು ಪ್ರಜ್ಞೆ ತಪ್ಪಿತು ಅಂದರೆ ಮಿದುಳಿಗೆ ಗಂಭೀರ ಪೆಟ್ಟು ಬಿದ್ದಿದೆ ಅಂತಲೇ ಅರ್ಥ. ತೊಡೆಯ ದೊಡ್ಡ ರಕ್ತನಾಳಕ್ಕೆ ಗುಂಡು ತಗುಲಿದರೆ ಕೆಲವೇ ನಿಮಿಷಗಳಲ್ಲಿ ಸಾವು ಬರಬಹುದು. ವಯಸ್ಕರ ಮೈಯಲ್ಲಿ ರಕ್ತ ಇರೋದೇ ಸುಮಾರು 5 ಲೀಟರ್. ಅದರಲ್ಲಿ 2 ಲೀಟರ್ ಹರಿದುಹೋದವನು ಗೋದಾಮಿನ ತಣ್ಣನೆ ನೆಲದ ಮೇಲೆ ಗಂಟೆಗಟ್ಟಲೆ ಒದ್ದಾಡಿಕೊಂಡಿರಲ್ಲ. ಸ್ಟೇಪಲ್ ಗನ್ ಅಂತೂ ಇನ್ನೂ ಅಧ್ವಾನ. ಆಸ್ಪತ್ರೆಯಲ್ಲಿ ಬಳಸೋ ಸ್ಟೇಪ್ಲರ್ ಪಿನ್ನಿನ ಎರಡೂ ತುದಿಯನ್ನು ಒಳಕ್ಕೆ ಮಡಚುತ್ತೆ, ಅದಕ್ಕೇ ಚರ್ಮದ ಅಂಚುಗಳು ಹಿಡಿದು ನಿಲ್ಲೋದು. ಮರಕ್ಕೆ ಹೊಡೆಯೋ ಗನ್ನಿನ ಪಿನ್ ಮಡಚಿಕೊಳ್ಳಲ್ಲ, ನೇರ ಇಳಿಯುತ್ತೆ. ಮರ ಆದರೆ ಕಚ್ಚಿಕೊಳ್ಳುತ್ತೆ. ಎಂಜಲಲ್ಲಿ, ರಕ್ತದಲ್ಲಿ ನೆಂದ ಮೆತ್ತನೆ ಮಾಂಸದಿಂದ ಮೊದಲ ಎಳೆತಕ್ಕೇ ಕಿತ್ತು ಬರುತ್ತೆ. ಸಿನಿಮಾದಲ್ಲಿ ಅದು ಕಿತ್ತು ಬರೋದು ಕಥೆಗೆ ಬೇಕಾದಾಗ ಮಾತ್ರ.

ಇದನ್ನು ಹೇಳಿದರೆ ಇನ್ನೊಂದು ಸಿದ್ಧ ಉತ್ತರ: ಮೊದಲ ಭಾಗಕ್ಕೆ ‘ವೈದ್ಯಕೀಯವಾಗಿ ನೂರಕ್ಕೆ ನೂರು ನಿಖರ’ ಅಂತ ಜಾಹೀರಾತು ಕೊಟ್ಟಿದ್ದರು, ಇದಕ್ಕೆ ಬೇಕಂತಲೇ ‘ನಿಖರವಲ್ಲ’ ಅಂತ ಕೊಟ್ಟಿದ್ದಾರೆ, ತಪ್ಪು ಹುಡುಕೋದು ದಡ್ಡತನ ಅಂತ. ಅಯ್ಯಾ, ಪಠ್ಯಪುಸ್ತಕ ಕೇಳ್ತಾ ಇಲ್ಲ ಯಾರೂ. ಮಾರ್ಟಿನ್‌ಗೆ ಕೆಲಸ ಬರಲ್ಲ ಅನ್ನೋದೇ ಈ ಸಿನಿಮಾದ ಬಂಡವಾಳ. ಹಾಗಿದ್ದ ಮೇಲೆ ಅವನ ಕೈಕೆಲಸ ಕಣ್ಣ ಮುಂದೆ ಕೆಡಬೇಕಿತ್ತು. ಹೊಡೆದ ಪಿನ್ ಕಿತ್ತುಬರೋದು, ಮತ್ತೆ ಹೊಡೆಯೋದು, ಅವನ ಕೈ ನಡುಗೋದು, ಉಸಿರು ಸಿಗದೆ ಇನ್‌ಹೇಲರ್ ತಡಕೋದು, ತನ್ನ ಆರಾಧ್ಯ ಸಿನಿಮಾದಲ್ಲಿ ಕಂಡ ಹಾಗೆ ಇದು ಆಗ್ತಾ ಇಲ್ಲ ಅಂತ ಅವನಿಗೆ ತಿಳಿಯೋದು. ಅಲ್ಲಿತ್ತು ಭಯ. ಒಂದಿಬ್ಬರು ಸತ್ತಾಗ ಅವನು ಅಳೋ ಕಡೆ ಅದರ ಒಂದು ಎಳೆ ಕಾಣುತ್ತೆ. ಕಾಣಿಸಿಕೊಂಡ ಮರುಕ್ಷಣ ಸಿನಿಮಾ ಅದನ್ನು ಬಿಟ್ಟು ಮುಂದಿನ ಹೊಲಸಿಗೆ ಓಡುತ್ತೆ.

ಈ ಎರಡನೇ ಭಾಗವನ್ನು ಕಪ್ಪು ಬಿಳುಪಿನಲ್ಲಿ ಬಿಟ್ಟರು. ಅದು ಯಾಕೆ ಬೇಕಿತ್ತು ಅನ್ನೋದಂತೂ ಸಿನಿಮಾ ಮುಗಿದ ಮೇಲೂ ಗೊತ್ತಾಗಲ್ಲ. ಕಪ್ಪು ಬಿಳುಪಿನಲ್ಲಿ ಕೆಂಪು ಇರಲ್ಲ, ಆದ್ದರಿಂದ ರಕ್ತವನ್ನು ಅದರ ದಪ್ಪದಿಂದ, ಹೊಳಪಿನಿಂದ, ಬಿಳಿ ಹಿನ್ನೆಲೆ ಮೇಲೆ ಹರಿಯೋ ರೀತಿಯಿಂದ ತೋರಿಸಬೇಕು. 1960ರ ‘ಸೈಕೋ’ ಸಿನಿಮಾದ ಸ್ನಾನದ ಮನೆಯ ಕೊಲೆ ದೃಶ್ಯದಲ್ಲಿ ಅದಕ್ಕೇ ಚಾಕೊಲೇಟ್ ಸಿರಪ್ ಬಳಸಿದ್ದು, ಬಿಳಿ ಟಬ್ಬಿನಲ್ಲಿ ನೀರಿನ ಜೊತೆ ಸುತ್ತಿ ಹೋಗೋ ಆ ಕಪ್ಪು ಗೆರೆ ಯಾರಿಗೆ ಮರೆಯುತ್ತೆ? ಮುಕ್ಕಾಲು ನಿಮಿಷದಷ್ಟಿರುವ ಆ ದೃಶ್ಯವನ್ನು ಒಂದು ವಾರ ಚಿತ್ರೀಕರಿಸಿದರು. ಚಾಕು ಇಳಿಯೋ ಸದ್ದಿಗೆ ಕರಬೂಜ ಇರಿದರು. ಇಲ್ಲಿ ನೋಡಿದರೆ ಗೋದಾಮಿನ ಗೋಡೆ ಕಪ್ಪು, ನೆಲ ಕಪ್ಪು, ಕೊಳೆ ಕಪ್ಪು, ಬೆವರು ಕಪ್ಪು, ರಕ್ತವೂ ಕಪ್ಪು. ಗಾಯ ಎಲ್ಲಿ, ಕೊಳಕು ಎಲ್ಲಿ ಅಂತ ಕಣ್ಣಿಗೆ ಬೇರ್ಪಡಿಸಲಿಕ್ಕೆ ಆಗಲ್ಲ. ಹೀಗೆಲ್ಲ ಬಣ್ಣ ಅಳಿಸಿ, ಕೊನೆಗೆ ಸಿಕ್ಕಿಬಿದ್ದವರಿಗೆ ಭೇದಿ ಆಗೋ ಸೂಜಿಮದ್ದು ಚುಚ್ಚೋ ದೃಶ್ಯದಲ್ಲಿ ಒಂದೇ ಒಂದು ಬಣ್ಣ ಬಿಟ್ಟಿದ್ದಾರೆ. ಯಾವ ಬಣ್ಣ ಅಂತ ಹೇಳಬೇಕಾಗಿಲ್ಲ, ಅದು ಕ್ಯಾಮೆರಾದ ಗಾಜಿಗೇ ಸಿಡಿಯುತ್ತೆ. ಒಂದು ಇಡೀ ಸಿನಿಮಾದ ಛಾಯಾಗ್ರಹಣವನ್ನು ಆ ಒಂದು ಸಿಡಿತಕ್ಕೆ ಅಡ ಇಟ್ಟರಾ?

ಸದ್ದೂ ಹಾಗೇ. ಮೂಳೆ ಮುರಿಯೋ ಸದ್ದಿಗೆ ಸೆಲರಿ ದಂಟು ಮುರಿಯೋದು, ಮಾಂಸಕ್ಕೆ ಒದ್ದೆ ಬಟ್ಟೆ ಹಿಂಡೋದು, ಇದೆಲ್ಲ ಹಳೇ ವಿದ್ಯೆ, ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ಮುಂಚೆ ನಿಶ್ಶಬ್ದ ಇರಬೇಕು. ಕೊನೆಯ ಭಾಗದಲ್ಲಿ ಹತ್ತು ಜನ ಒಂದೇ ಮಟ್ಟದಲ್ಲಿ ಒಂದೇ ಸಮನೆ ನರಳ್ತಾರೆ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಫ್ಯಾನಿನ ಸದ್ದಿನ ಹಾಗೆ ಪಕ್ಕಕ್ಕೆ ತಳ್ಳುತ್ತೆ. ‘ಆಡಿಷನ್’ ನೆನಪಿಸಿಕೊಳ್ಳಿ. ಸುಮಾರು ಮೊದಲ ಒಂದು ಗಂಟೆ ಹೆಂಡತಿ ತೀರಿಕೊಂಡವನ ಮರುಮದುವೆಯ ಕಥೆ, ಅಷ್ಟೇ. ನಡುವೆ ಒಂದು ಖಾಲಿ ಕೋಣೆ, ನೆಲದ ಮೇಲೆ ತಲೆ ತಗ್ಗಿಸಿ ಕೂದಲು ಇಳಿಬಿಟ್ಟು ಕೂತ ಹೆಣ್ಣು, ಒಂದು ಫೋನು, ಹಿಂದೆ ಒಂದು ಮೂಟೆ. ಫೋನು ರಿಂಗಾಗುತ್ತೆ. ಮೂಟೆ ಒಮ್ಮೆಲೇ ಹೊರಳುತ್ತೆ. ಅದರೊಳಗೆ ಏನಿದೆ ಅಂತ ತೋರಿಸೋದು ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಆ ಮೂಟೆ ನಮ್ಮ ತಲೆಯೊಳಗೆ ಬಂದು ಕೂತಾಗಿರುತ್ತೆ. ಕೊನೆಯಲ್ಲಿ ಸೂಜಿ ಬರುತ್ತೆ, ತಂತಿ ಬರುತ್ತೆ, ಅಸಹ್ಯ ಅದರಲ್ಲೂ ಇದೆ. ಅದನ್ನ ನೋಡಲಿಕ್ಕೆ ಆಗದಿರೋದು ಆ ಮನುಷ್ಯ ಯಾರು ಅಂತ ನಮಗೆ ಗೊತ್ತಿರೋದರಿಂದ.

ಈಗ ಸೆನ್ಸಾರಿನ ಕಥೆ. ಇದನ್ನೇ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡ್ತಾರೆ ಅಭಿಮಾನಿಗಳು. ಬ್ರಿಟನ್ನಿನಲ್ಲಿ ಸಿನಿಮಾಗಳಿಗೆ ಪ್ರಮಾಣಪತ್ರ ಕೊಡೋ ಸಂಸ್ಥೆ ಬಿಬಿಎಫ್‌ಸಿ 2011ರ ಜೂನ್‌ನಲ್ಲಿ ಪ್ರಮಾಣಪತ್ರ ಕೊಡಲ್ಲ ಅಂದಿತು. ಅದೇ ಅಕ್ಟೋಬರ್‌ನಲ್ಲಿ 32 ಕತ್ತರಿ, ಒಟ್ಟು 2 ನಿಮಿಷ 37 ಸೆಕೆಂಡ್ ತೆಗೆದು, 18 ವರ್ಷ ಮೇಲ್ಪಟ್ಟವರಿಗೆ ಅಂತ ಬಿಟ್ಟಿತು. ಹೋದದ್ದು ಯಾವುದು? ಮುಳ್ಳುತಂತಿಯ ಅತ್ಯಾಚಾರದ ದೃಶ್ಯ ಮತ್ತೆ ಅಂಥದೇ ಇನ್ನಷ್ಟು. ಕತ್ತರಿಸಿದ ಮೇಲೂ ಕಥೆ ಒಂದಿಂಚು ಕದಲಲಿಲ್ಲ; ಯಾವ ಪಾತ್ರವೂ ಕಡಿಮೆ ಆಗಲಿಲ್ಲ, ಯಾವ ತಿರುವೂ ಕಳೆದುಹೋಗಲಿಲ್ಲ. ಯಾವುದಕ್ಕೋಸ್ಕರ ಇಷ್ಟು ಗಲಾಟೆ ಆಯಿತೋ ಅದು ಸಿನಿಮಾದಲ್ಲಿ ಯಾವ ಭಾರವನ್ನೂ ಹೊತ್ತಿರಲಿಲ್ಲ ಅನ್ನಲಿಕ್ಕೆ ಇದಕ್ಕಿಂತ ಪುರಾವೆ ಬೇಕಾ? ‘ಆಡಿಷನ್’ನ ಕೊನೆಯಿಂದ 157 ಸೆಕೆಂಡ್ ಕಿತ್ತು ನೋಡಿ, ಸಿನಿಮಾ ಕುಸಿದು ಕೂರುತ್ತೆ. ಸೆನ್ಸಾರ್ ಬೇಕು ಅಂತ ಇಲ್ಲಿ ವಕಾಲತ್ತು ವಹಿಸ್ತಾ ಇಲ್ಲ; ವಯಸ್ಕರು ಏನು ನೋಡಬೇಕು ಅನ್ನೋದನ್ನ ವಯಸ್ಕರೇ ತೀರ್ಮಾನಿಸಲಿ. ಆದರೆ ನಿಷೇಧ ಆಯ್ತು ಅನ್ನೋದು ಸಿನಿಮಾದ ಗುಣ ಅಲ್ಲ.

ಅದನ್ನು ಗುಣ ಅಂತ ಮಾರೋ ವ್ಯಾಪಾರವೂ ಹೊಸದಲ್ಲ. 1963ರಲ್ಲಿ ‘ಬ್ಲಡ್ ಫೀಸ್ಟ್’ ಬಂದಾಗಲೇ ಪ್ರೇಕ್ಷಕರ ಕೈಗೆ ವಾಂತಿ ಚೀಲ ಕೊಟ್ಟು ಪ್ರಚಾರ ಮಾಡಿದ್ದರು. ಇವತ್ತು ಅದೇ ಚೀಲದ ಜಾಗಕ್ಕೆ ‘ಹೃದಯ ಗಟ್ಟಿ ಇದ್ದವರು ಮಾತ್ರ ನೋಡಿ’ ಅನ್ನೋ ರೀಲ್ಸ್ ಬಂದಿದೆ, ಕನ್ನಡದಲ್ಲೂ ಬೇಕಾದಷ್ಟಿದೆ. ಅವುಗಳಲ್ಲಿ ಒಂದಾದರೂ ಸಿನಿಮಾ ಹೇಗಿದೆ ಅಂತ ಹೇಳಲ್ಲ. ಎಷ್ಟು ದೇಶದಲ್ಲಿ ನಿಷೇಧ, ಎಷ್ಟು ಜನ ಎದ್ದುಹೋದರು, ಇಷ್ಟೇ. ಇಂಥ ಪಟ್ಟಿ ನೋಡಿ ಹಾರರ್ ಅಂದರೆ ಇದು ಅಂತ ಮೊದಲ ಸಲ ಬರೋ ಹುಡುಗರು ಇಲ್ಲೇ ಬೇಸತ್ತು ವಾಪಸ್ ಹೋಗ್ತಾರೆ, ಒಳ್ಳೆಯ ಸಿನಿಮಾಗಳ ಬಾಗಿಲು ತಟ್ಟೋದೇ ಇಲ್ಲ. ಇದು ನೋವಿನ ವಿಷಯ.

ಇನ್ನು ಕ್ಲೈಮ್ಯಾಕ್ಸ್. ಒಂದು ನವಜಾತ ಶಿಶುವನ್ನೂ ಬಿಡದೆ ಸಿನಿಮಾ ಎಲ್ಲ ತೋರಿಸಿ ಮುಗಿಸಿದ ಮೇಲೆ, ಮಾರ್ಟಿನ್ ಮತ್ತೆ ಅದೇ ಪಾರ್ಕಿಂಗಿನ ಕ್ಯಾಬಿನ್ನಿನಲ್ಲಿ ಅದೇ ಸಿನಿಮಾ ನೋಡ್ತಾ ಕೂತಿದ್ದಾನೆ. ಎಲ್ಲ ಅವನ ಕಲ್ಪನೆ ಇರಬಹುದು. ಹಿನ್ನೆಲೆಯಲ್ಲಿ ಮಗು ಅಳೋ ಸದ್ದು, ಹಾಗಾದರೆ ನಿಜವೂ ಇರಬಹುದು. ಇದನ್ನು ಜಾಣತನ ಅಂತಾರೆ. ಕಲ್ಪನೆ ಅನ್ನೋದೇ ಆದರೆ ಆ ಕಲ್ಪನೆ ಮಾರ್ಟಿನ್‌ನದಾಗಿ ಕಾಣಬೇಕಿತ್ತು: ಅವನ ಕನಸಲ್ಲಿ ಅವನು ಮೊದಲ ಭಾಗದ ಸರ್ಜನ್ ಡಾಕ್ಟರ್ ಹೈಟರ್ ಆಗಿರ್ತಿದ್ದ, ಕೈ ನಡುಗ್ತಿರಲಿಲ್ಲ, ಯಾರೂ ಸಾಯ್ತಿರಲಿಲ್ಲ, ಎಲ್ಲ ಅಚ್ಚುಕಟ್ಟಾಗಿ ನಡೀತಿತ್ತು. ಯಾರ ಕನಸು ಇಷ್ಟು ಎಡವಟ್ಟಾಗಿರುತ್ತೆ? ಮಾಡಿದ್ದಕ್ಕೆ ಉತ್ತರ ಕೊಡಬೇಕಾದ ಜಾಗದಲ್ಲಿ ಹಿಂಬಾಗಿಲಿಂದ ನುಣುಚಿಕೊಂಡಿದ್ದಾರೆ, ಅಷ್ಟೇ.

2015ರಲ್ಲಿ ಮೂರನೆಯದೂ ಬಂತು. ಅಮೆರಿಕದ ಜೈಲು, ಈ ಸಲ 500 ಜನ. ಮೂರು, ಹನ್ನೆರಡು, ಐನೂರು. ಬೆಳೆದದ್ದು ಸಂಖ್ಯೆ ಒಂದೇ. ಮೊದಲ ಭಾಗದ ಲೇಸರ್, ಎರಡನೆಯ ಭಾಗದ ಹಾರ್ವಿ ಇಬ್ಬರನ್ನೂ ಒಟ್ಟಿಗೆ ಕರೆತಂದು ಒಬ್ಬನಿಗೆ ಜೈಲಿನ ವಾರ್ಡನ್, ಇನ್ನೊಬ್ಬನಿಗೆ ಲೆಕ್ಕಿಗನ ವೇಷ ಹಾಕಿದರು. ಪ್ರೊಜೆಕ್ಟರ್ ಮುಂದೆ ದನಿ ಏರಿಸದೆ ನಡುಗಿಸಿದ ಲೇಸರ್‌ನ ಕೈಲಿ ಸಿನಿಮಾ ಪೂರ್ತಿ ಅರಚಾಡಿಸಿದರು. ಒಂದು ಮಾತೂ ಆಡದೆ ಎರಡನೇ ಭಾಗವನ್ನು ಹೆಗಲ ಮೇಲೆ ಹೊತ್ತ ಹಾರ್ವಿಗೆ ಮಾತು ಕೊಟ್ಟು, ಆ ಅರಚಾಟದ ಪಕ್ಕ ನಿಲ್ಲಿಸಿದರು.