ಎರಡು ಬೇರೆ ವಿಷಯಗಳನ್ನು ಬೆರೆಸಬೇಡಿ

ಅಮೆರಿಕದ ಯೂನಿವರ್ಸಿಟಿಗಳ ಮೇಲಿನ ಯಹೂದಿ ದ್ವೇಷದ ಕೇಸುಗಳನ್ನೂ ಇಸ್ರೇಲ್ ಬಹಿಷ್ಕಾರದ ಕೇಸುಗಳನ್ನೂ ನಾನು ಓದಿದ ಒಂದು ಲೇಖನದಲ್ಲಿ ಲೇಖಕರು ಒಂದೇ ಎಂಬಂತೆ ಬರೆದಿದ್ದಾರೆ. ಇದು ಸರಿಯಲ್ಲ.

ಹಾರ್ವರ್ಡ್ ಮತ್ತು ಎಂಐಟಿ ಕೇಸುಗಳನ್ನೇ ನೋಡಿ. ಎರಡೂ ಬಂದದ್ದು ಬಾಸ್ಟನ್‌ನ ಒಬ್ಬರೇ ನ್ಯಾಯಾಧೀಶರ ಮುಂದೆ, ರಿಚರ್ಡ್ ಸ್ಟರ್ನ್ಸ್. 2024ರ ಜುಲೈ ಕೊನೆಯಲ್ಲಿ ಎಂಐಟಿ ಮೇಲಿನ ಕೇಸನ್ನು ವಜಾ ಮಾಡಿದರು. ಒಂದೇ ವಾರದಲ್ಲಿ ಹಾರ್ವರ್ಡ್ ಮೇಲಿನ ಕೇಸು ಮುಂದುವರಿಯಲಿ ಎಂದರು. ಯಾಕೆ? 1964ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ, ಯಹೂದಿ ವಿದ್ಯಾರ್ಥಿಗಳಿಗೆ ಆಗುತ್ತಿದ್ದ ಕಿರುಕುಳ ಗೊತ್ತಿದ್ದೂ ಸಂಸ್ಥೆ ಬೇಕೆಂದೇ ಕೈಕಟ್ಟಿ ಕೂತಿತ್ತಾ ಅನ್ನುವುದೇ ಮುಖ್ಯ. ಎಂಐಟಿ ಇಸ್ರೇಲ್ ವಿರುದ್ಧದ ಪ್ರತಿಭಟನಾ ಗುಂಪನ್ನು ಅಮಾನತು ಮಾಡಿತ್ತು, ಕೊನೆಗೆ ಪೊಲೀಸರನ್ನೂ ಕರೆಸಿತ್ತು. ಹಾರ್ವರ್ಡ್ ತನ್ನ ಯಹೂದಿ ವಿದ್ಯಾರ್ಥಿಗಳ ಕೈಬಿಟ್ಟಿತು ಎಂದೇ ಸ್ಟರ್ನ್ಸ್ ಬರೆದರು. ಕ್ಲಾಸಿಗೆ ಹೋಗಲು ಹೆದರುವ ಹುಡುಗನಿಗೆ ರಕ್ಷಣೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಹಿಷ್ಕಾರ ಬೇರೆ. 2013ರ ಡಿಸೆಂಬರ್‌ನಲ್ಲಿ ಅಮೆರಿಕನ್ ಸ್ಟಡೀಸ್ ಅಸೋಸಿಯೇಷನ್ ಎಂಬ ವಿದ್ವಾಂಸರ ಸಂಘ ಇಸ್ರೇಲಿ ಶಿಕ್ಷಣ ಸಂಸ್ಥೆಗಳ ಜೊತೆ ಸಹಕಾರ ಬೇಡ ಎಂದು ತೀರ್ಮಾನಿಸಿತು. ನನಗೆ ಅದು ಒಪ್ಪಿಗೆಯಿಲ್ಲ. ಇಸ್ರೇಲ್ ಸರ್ಕಾರವನ್ನು ಟೀಕಿಸುವ ಅಲ್ಲಿನ ಪ್ರಾಧ್ಯಾಪಕರಿಗೇ ಏಟು ಜಾಸ್ತಿ. ಹಾಗಂತ ಅದನ್ನು ಯಹೂದಿ ದ್ವೇಷ ಅನ್ನಬಹುದಾ?

2025ರ ಜನವರಿಯಲ್ಲಿ ಹಾರ್ವರ್ಡ್ ಕೇಸಿನಲ್ಲಿ ರಾಜಿಯಾಗಿ, ಯಹೂದಿ ದ್ವೇಷ ಅಂದರೇನು ಎಂದು ಹೇಳುವ ಐಎಚ್‌ಆರ್‌ಎ (ಹಾಲೊಕಾಸ್ಟ್ ಸ್ಮರಣೆಯ ಅಂತರರಾಷ್ಟ್ರೀಯ ಒಕ್ಕೂಟ) ವ್ಯಾಖ್ಯೆಯನ್ನು ಒಪ್ಪಿತು; ಇಸ್ರೇಲ್ ಬಗೆಗಿನ ಕೆಲವು ಮಾತುಗಳೂ ಅದರ ಉದಾಹರಣೆಗಳಲ್ಲಿವೆ. ಆ ಕರಡು ಬರೆದವರಲ್ಲಿ ಮುಖ್ಯರಾದ ಕೆನ್ನೆತ್ ಸ್ಟರ್ನ್ (ನ್ಯಾಯಾಧೀಶ ಸ್ಟರ್ನ್ಸ್ ಅಲ್ಲ) ಅವರೇ ಅದನ್ನು ಕ್ಯಾಂಪಸ್‌ನಲ್ಲಿ ಮಾತಿಗೆ ಕಡಿವಾಣ ಹಾಕಲು ಬಳಸಬೇಡಿ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಲೇಖನದಲ್ಲಿ ಅವರ ಹೆಸರೇ ಇಲ್ಲವಲ್ಲ!