ಲೂನಾದಿಂದ ಲಾರಿಯವರೆಗೆ ಒಂದೇ ಪ್ರಶ್ನೆಪತ್ರಿಕೆ

ಎಲ್‌ಎಲ್‌ಆರ್ ಪರೀಕ್ಷೆಗೆ ಹೊರಟವರಿಗೆ ಸಂಚಾರ ನಿಯಮ ಗೊತ್ತಿರಲೇಬೇಕೆಂದೇನೂ ಇಲ್ಲ, ಸಂಕೋಚದ ಸ್ವಭಾವವಿದ್ದರೆ ಸಾಕು. ಕೊಟ್ಟಿರುವ ಉತ್ತರಗಳಲ್ಲಿ ಅತಿ ಉದ್ದವಾದದ್ದು, ಅತಿ ವಿನಯದ್ದು ಯಾವುದೋ ಅದಕ್ಕೆ ಗುರುತು ಹಾಕಿದರೆ ಬಹುಪಾಲು ಕೆಲಸ ಮುಗಿಯಿತು. ಪಾದಚಾರಿಗಳು ರಸ್ತೆ ದಾಟಲು ಕಾದು ನಿಂತಿದ್ದಾರೆ, ನೀವೇನು ಮಾಡುತ್ತೀರಿ? ಹಾರ್ನ್ ಹೊಡೆದು ಮುಂದೆ ಹೋಗುವುದು; ನಿಧಾನಿಸಿ, ಹಾರ್ನ್ ಹೊಡೆದು ಹೋಗುವುದು; ವಾಹನ ನಿಲ್ಲಿಸಿ, ಅವರೆಲ್ಲ ದಾಟುವವರೆಗೆ ಕಾದು, ಅನಂತರ ಮುಂದುವರಿಯುವುದು. ಕಿರಿದಾದ ಸೇತುವೆಗೆ ಎದುರಿನಿಂದ ಇನ್ನೊಂದು ವಾಹನ ಬರುತ್ತಿದೆ. ವೇಗ ಹೆಚ್ಚಿಸಿ ನುಗ್ಗುವುದೋ, ಹೆಡ್‌ಲೈಟ್ ಹಾಕಿ ನುಗ್ಗುವುದೋ, ಅದು ದಾಟುವವರೆಗೆ ಕಾಯುವುದೋ? ರಸ್ತೆಗೆ ಒಂದು ದಿನವೂ ಗಾಡಿ ಇಳಿಸದವನು ಸರಿ ಉತ್ತರವನ್ನು ಥಟ್ಟನೆ ಹೇಳುತ್ತಾನೆ. ತಡವರಿಸುವವನು ವರ್ಷಗಟ್ಟಲೆ ಓಡಿಸಿದವನು. ಮೊದಲ ಎರಡೂ ಅವನಿಗೆ ಅನುಭವಸಿದ್ಧ.

ಪರೀಕ್ಷೆಯ ಈ ರಸ್ತೆ ಯಾವ ಜಿಲ್ಲೆಯಲ್ಲಿದೆ ಎಂದು ಲೋಕೋಪಯೋಗಿ ಇಲಾಖೆಯವರು ತಿಳಿಸಿದರೆ ಒಮ್ಮೆ ಹೋಗಿ ನೋಡಿ ಬರಬಹುದು. ಅಲ್ಲಿ ಎಚ್ಚರಿಕೆಯ ಫಲಕಗಳು ತ್ರಿಕೋನದಲ್ಲಿ, ಆಜ್ಞೆಯ ಫಲಕಗಳು ವೃತ್ತದಲ್ಲಿ ಅಚ್ಚುಕಟ್ಟಾಗಿ ನಿಂತಿವೆ. ಒಂದರ ಮೇಲೂ ಯುವ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲ. ನಾವು ದಿನನಿತ್ಯ ನೋಡುವ ಫಲಕಗಳಿಗೆ ಮಾತ್ರ ಪುಸ್ತಕದಲ್ಲಿ ಜಾಗವಿಲ್ಲ. ಹೊಂಡದಲ್ಲಿ ನೆಟ್ಟ ಹೊಂಗೆಯ ಕೊಂಬೆಯನ್ನೇ ತೆಗೆದುಕೊಳ್ಳಿ: ಎಲೆ ಹಸಿರಾಗಿದ್ದರೆ ಹೊಂಡ ಹೊಸದು, ಒಣಗಿದ್ದರೆ ದೂರು ಕೊಟ್ಟಾಗಿದೆ. ಕೆಟ್ಟು ನಿಂತ ಲಾರಿಯ ಹಿಂದೆ ಸಾಲಾಗಿ ಇಟ್ಟ ಕಲ್ಲುಗಳಂತೂ ಲಾರಿ ರಿಪೇರಿಯಾಗಿ ಊರು ಸೇರಿದ ಮೇಲೂ ಅಲ್ಲೇ ಇರುತ್ತವೆ. ಅವು ಎಚ್ಚರಿಕೆಯ ಫಲಕವೋ ಮಾಹಿತಿ ಫಲಕವೋ ಎಂಬುದನ್ನು ರಾತ್ರಿ ಹೊತ್ತು ಬೈಕಿನಲ್ಲಿ ಬರುವವನೇ ಕಂಡುಕೊಳ್ಳಬೇಕು.

ತಯಾರಿಗೇನೂ ಕೊರತೆಯಿಲ್ಲ. ಸಾರಿಗೆ ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಶ್ನೋತ್ತರದ ಪುಸ್ತಿಕೆ ಸಿಗುತ್ತದೆ.

‘ಕಾರಿನದು ಕೊಡಿ.’

‘ಕಾರಿಗೆ ಬೇರೆ ಇಲ್ಲ ಸಾರ್, ಎಲ್ಲಕ್ಕೂ ಇದೇ.’

‘ಸ್ಕೂಟರಿಗೆ?’

‘ಇದೇ ಸಾರ್. ಲಾರಿಗೆ ಬೇಕಾದರೂ ಇದೇ.’

ಅಷ್ಟು ದೂರ ಹೋಗಲು ಬೇಸರವಾದರೆ, ಆಧಾರ್ ಜೋಡಿಸಿ ಮನೆಯಲ್ಲೇ ಪರೀಕ್ಷೆ ಬರೆಯುವ ವ್ಯವಸ್ಥೆಯೂ ಇದೆ. ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ನೋಡಬೇಕು. ಅದು ಓಡುತ್ತಿರುವಾಗ ಕಾಫಿ ಬೆರೆಸಿಕೊಂಡು ಬರಬಹುದು. ಆಮೇಲೆ ಅಭ್ಯರ್ಥಿಯ ಮುಖ ಕ್ಯಾಮೆರಾದ ಎದುರಿಗಿರಬೇಕು. ಲ್ಯಾಪ್‌ಟಾಪಿನ ಆಚೆ ಸೋಫಾದಲ್ಲಿ ಕುಳಿತ ಸೋದರಮಾವನ ಮುಖ ಅದರಲ್ಲಿ ಬೀಳುವುದಿಲ್ಲ. ಅವರು ಒಂದು ಬೆರಳು, ಎರಡು ಬೆರಳು, ಮೂರು ಬೆರಳು ತೋರಿಸುತ್ತಾ ಹೋಗುತ್ತಾರೆ. ಪುಸ್ತಿಕೆಯಲ್ಲಿರುವ ಕೈಸನ್ನೆಗಳ ಪಾಠ ಜೀವನದಲ್ಲಿ ಉಪಯೋಗಕ್ಕೆ ಬರುವುದು ಆ ಒಂದು ಗಳಿಗೆಯಲ್ಲಿ ಮಾತ್ರ.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 11ನೆಯ ನಿಯಮವನ್ನು ತೆಗೆದು ನೋಡಿ. ಕಲಿಕಾ ಲೈಸೆನ್ಸಿಗೆ ಪರೀಕ್ಷಿಸಬೇಕಾದ ವಿಷಯಗಳು ನಾಲ್ಕು: ಸಂಚಾರ ಚಿಹ್ನೆ ಮತ್ತು ರಸ್ತೆಯ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ, ಜೊತೆಗಿರಬೇಕಾದ ದಾಖಲೆಗಳು. ಗಾಡಿ ಯಾವುದೆಂದು ನಿಯಮ ಕೇಳುವುದಿಲ್ಲ. ಇನ್ನೂ ಸೊಗಸಾದದ್ದು ಮುಂದಿನ ಸಾಲಿನಲ್ಲಿದೆ: ಈಗಾಗಲೇ ಚಾಲ್ತಿಯಲ್ಲಿರುವ ಡಿಎಲ್ ಇದ್ದವರಿಗೆ ಈ ಪರೀಕ್ಷೆಯೇ ಬೇಡ. ಅಂದರೆ ಹದಿನಾರನೆಯ ವಯಸ್ಸಿಗೆ, ಅಪ್ಪನ ಒಪ್ಪಿಗೆ ಪಡೆದು, 50 ಸಿಸಿ ಮೀರದ ಗೇರಿಲ್ಲದ ಗಾಡಿಗೆಂದು ಒಮ್ಮೆ ಪಾಸಾದರೆ ಮುಗಿಯಿತು. (ಲೂನಾ ಕಾಲದ ಆ 50 ಸಿಸಿ ಗಾಡಿಯನ್ನು ಇವತ್ತಿನ ಷೋರೂಮುಗಳಲ್ಲಿ ಹುಡುಕಿ ತಂದವರಿಗೆ ಪರೀಕ್ಷೆಯಿಲ್ಲದೆಯೇ ಲೈಸೆನ್ಸ್ ಕೊಡಬಹುದು.) ಹದಿನೆಂಟಕ್ಕೆ ಬೈಕು, ಕಾರು, ಕಾರಿನ ಲೈಸೆನ್ಸಿಗೆ ಒಂದು ವರ್ಷ ತುಂಬಿ ವಯಸ್ಸು ಇಪ್ಪತ್ತಾದರೆ ಲಾರಿ, ಬಸ್ಸು. ಪ್ರತಿ ಸಲ ಗಾಡಿ ಓಡಿಸಿ ತೋರಿಸಬೇಕು ನಿಜ, ದೊಡ್ಡ ಗಾಡಿಗೆ ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರವೂ ಬೇಕು. ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆವತ್ತು ಪಾಸಾಗಲು ಎಲ್ಲ ಉತ್ತರಗಳೂ ಸರಿಯಿರಬೇಕಾಗಿರಲಿಲ್ಲ. ತಪ್ಪಿದ್ದು ಕೆಂಪು ದೀಪದ ಪ್ರಶ್ನೆಯಾಗಿದ್ದರೆ, ಐವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಹೊರಟ ಮೇಲೆ ಗೊತ್ತಾಗುತ್ತದೆ.

ಆ ರೈಲ್ವೆ ಗೇಟಿನ ವಿಷಯಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆಯ 131ನೆಯ ಸೆಕ್ಷನ್ ಪ್ರಕಾರ, ಕಾವಲಿಲ್ಲದ ಗೇಟು ಬಂದರೆ ವಾಹನ ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಹಳಿಯವರೆಗೆ ನಡೆದುಹೋಗಿ, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ವಾಹನವನ್ನು ದಾಟಿಸಬೇಕು. ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ಹೋಗಬೇಕು. ಕ್ಲೀನರನನ್ನು ಇಟ್ಟುಕೊಳ್ಳುವ ಸ್ಥಿತಿವಂತಿಕೆ ಇಲ್ಲದ ಸ್ಕೂಟರ್ ಸವಾರ ಸ್ಟ್ಯಾಂಡ್ ಹಾಕಿ, ನಡೆದುಹೋಗಿ, ನೋಡಿ, ವಾಪಸು ಬಂದು, ಕಿಕ್ ಹೊಡೆಯುವಷ್ಟರಲ್ಲಿ ಹೊಸ ರೈಲೊಂದು ಬಂದಿದ್ದರೆ ಮತ್ತೆ ಮೊದಲಿನಿಂದ ಶುರು. ಇರಲಿ, ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನೆಲ್ಲ ತೆಗೆದುಹಾಕಿದ್ದೇವೆ ಎಂದು ರೈಲ್ವೆ ಇಲಾಖೆ 2019ರಲ್ಲೇ ಘೋಷಿಸಿದೆ. ಗೇಟು ಹೋಯಿತು, ಪ್ರಶ್ನೆ ಉಳಿಯಿತು.

ಅಪಘಾತದ ಕರ್ತವ್ಯದಲ್ಲಿ ಮಾತ್ರ ಕಾಯ್ದೆ ಬರೆದವರು ನಮ್ಮ ರಸ್ತೆಯನ್ನು ಕಣ್ಣಾರೆ ಕಂಡವರೇ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಜನರ ರೋಷದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಎಂದು 134ನೆಯ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದಾರೆ. ಇಷ್ಟು ಪ್ರಾಮಾಣಿಕವಾದ ವಾಕ್ಯ ಇಡೀ ಪಠ್ಯದಲ್ಲಿ ಇನ್ನೊಂದಿಲ್ಲ.

ಇದೇ ಪ್ರಾಮಾಣಿಕತೆಯಿಂದ ವರ್ಗವಾರು ಪ್ರಶ್ನೆಪತ್ರಿಕೆ ಮಾಡಿದರೆ ಹೇಗಿರುತ್ತದೆ? ದ್ವಿಚಕ್ರದವರಿಗೆ: ಪೆಟ್ರೋಲ್ ಮುಗಿದ ಗೆಳೆಯನ ಬೈಕನ್ನು ಕಾಲಿನಲ್ಲಿ ತಳ್ಳಿಕೊಂಡು ಹೋಗುವಾಗ ಬಳಸಬೇಕಾದ ಕಾಲು ಎಡದ್ದೋ ಬಲದ್ದೋ? ಕಾರಿನವರಿಗೆ: ಎದುರಿನವನು ಹೆಡ್‌ಲೈಟ್ ಮಿಣುಕಿಸಿದರೆ ‘ನೀವು ಬನ್ನಿ’ ಎಂದೋ, ‘ನಾನು ಬಂದೆ’ ಎಂದೋ, ‘ಮುಂದೆ ಪೊಲೀಸರಿದ್ದಾರೆ’ ಎಂದೋ? ಬಸ್ಸಿನವರಿಗೆ: ಕಂಡಕ್ಟರ್ ‘ರೈಟ್’ ಎಂದರೆ ಬಲಕ್ಕೆ ತಿರುಗಬೇಕೇ? ಭಾರಿ ವಾಹನದವರಿಗೆ: ಮುಂದಿನ ಲಾರಿಯ ಬಲ ಇಂಡಿಕೇಟರ್ ಮಿನುಗುತ್ತಿದೆ. ಅವನು ಬಲಕ್ಕೆ ತಿರುಗುತ್ತಿದ್ದಾನೆಯೇ, ನಿಮ್ಮನ್ನು ಮುಂದೆ ಹೋಗಲು ಕರೆಯುತ್ತಿದ್ದಾನೆಯೇ, ಶಿರಾದಲ್ಲಿ ಹಾಕಿದ್ದನ್ನು ಆರಿಸಲು ಮರೆತು ಚಿತ್ರದುರ್ಗ ದಾಟಿದ್ದಾನೆಯೇ? ಇಲ್ಲಿ ಉದ್ದದ ಉತ್ತರಕ್ಕೆ ಗುರುತು ಹಾಕಿದರೆ ಹತ್ತಕ್ಕೆ ಒಂಬತ್ತು ಸಲ ಪಾಸು.